ಥ್ರಾಟಲ್ ಜೋಡಣೆ ಎಂಜಿನ್ ಕಡೆಯಿಂದ ಶುರುವಾಗಲಿ

ಸ್ವಂತ ಶೆಡ್‌ನಲ್ಲಿ ಪುಟ್ಟ ವಿಮಾನ ಕಟ್ಟುವವರು ಕಾಕ್‌ಪಿಟ್ ಕೆಲಸಕ್ಕೆ ಬಂದ ಕೂಡಲೇ ಡ್ರಿಲ್ ಹಿಡಿದು ಪ್ಯಾನಲ್‌ಗೆ ತೂತು ಹಾಕುತ್ತಾರೆ. ಎಂಜಿನ್ ಪವರ್ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಇಲ್ಲಿ, ಗಾಳಿಗೆ ಬೆರೆಯುವ ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಅಲ್ಲಿ, ನೋಡೋಕೆ ಚೆಂದ. ಆಮೇಲೆ ಕೇಬಲ್ ಹಿಡಿದು ಎಂಜಿನ್ ಕಡೆ ಹೋದರೆ ಎಕ್ಸಾಸ್ಟ್ ಪೈಪ್ ಅಡ್ಡ ಬರುತ್ತದೆ. ಕೇಬಲನ್ನು ಎರಡು ಮೂರು ಕಡೆ ಸಣ್ಣ ತಿರುವಿನಲ್ಲಿ ಬಗ್ಗಿಸಬೇಕಾಗುತ್ತದೆ. ಬಗ್ಗಿಸಿದಷ್ಟೂ ಕೈಗೆ ಬಿಗಿ. ಅದಕ್ಕೇ ನಾನು ಉಲ್ಟಾ ಹೇಳುತ್ತೇನೆ. ಕಾರ್ಬುರೇಟರ್ ಹತ್ತಿರ ಶುರು ಮಾಡಿ, ಪ್ಯಾನಲ್ ತೂತು ಕೊನೆಗಿರಲಿ.

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿರುವವರೊಬ್ಬರು ಕೇಳಿದರು: "ಸರ್, ಬೈಕಿನ ಆಕ್ಸಿಲರೇಟರ್ ಕೇಬಲ್ ಹಾಕಿದ್ರೆ ಆಗಲ್ಲೇನ್ರಿ?" ಪ್ರಶ್ನೆ ದಡ್ಡತನದ್ದಲ್ಲ. ಬೈಕಿನ ಕೇಬಲ್ ಬರೀ ಎಳೆಯುತ್ತದೆ, ವಾಪಸ್ ತರುವುದು ಸ್ಪ್ರಿಂಗ್. ಲೈಕಮಿಂಗ್, ಕಾಂಟಿನೆಂಟಲ್ ಕಂಪನಿಗಳ ವಿಮಾನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಕೇಬಲ್ ಎಳೆಯಲೂ ಬೇಕು, ತಳ್ಳಲೂ ಬೇಕು. ಅದಕ್ಕೆ ಒಳಗಿನ ತಂತಿ ಗಟ್ಟಿಯಾಗಿರಬೇಕು, ಹೊರಗೆ ಚಾಚಿದ ಭಾಗ ಗಿಡ್ಡವಾಗಿರಬೇಕು. ಉದ್ದ ಬಿಟ್ಟರೆ ತಳ್ಳಿದಾಗ ಸೊಟ್ಟಗಾಗುತ್ತದೆ.

ರೋಟಾಕ್ಸ್ 912 ಎಂಜಿನ್ ಬೇರೆ ಥರ. ಅದರ ಎರಡು ಕಾರ್ಬುರೇಟರ್‌ಗಳಲ್ಲೂ ಸ್ಪ್ರಿಂಗ್ ಥ್ರಾಟಲನ್ನು ಪೂರ್ತಿ ತೆರೆಯುವ ಕಡೆ ಎಳೆಯುತ್ತಿರುತ್ತದೆ. ಬೈಕಿನಲ್ಲಿ ಕೇಬಲ್ ಕಿತ್ತರೆ ಎಂಜಿನ್ ಐಡಲ್‌ಗೆ ಬರುತ್ತದೆ, ರಸ್ತೆ ಪಕ್ಕಕ್ಕೆ ನಿಲ್ಲಿಸಿದರೆ ಆಯಿತು. ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸೋಕೆ ಆಗಲ್ಲವಲ್ಲ. ಅದಕ್ಕೇ ಇಲ್ಲಿ ಕೇಬಲ್ ಕಿತ್ತರೆ ಪೂರ್ತಿ ಪವರ್ ಉಳಿಯುತ್ತದೆ. ರನ್‌ವೇ ಹತ್ತಿರ ಬಂದು ಇಗ್ನಿಷನ್ ಆಫ್ ಮಾಡಿ ಇಳಿಯಬಹುದು. ಆದರೆ ಅದೇ ಸ್ಪ್ರಿಂಗ್‌ನಿಂದಾಗಿ, ಕೈ ಬಿಟ್ಟರೆ ಥ್ರಾಟಲ್ ತಾನಾಗಿ ಮುಂದೆ ಜಾರುತ್ತದೆ. ಬಿಗಿ ಮಾಡುವ ಫ್ರಿಕ್ಷನ್ ಲಾಕ್ ಬೇಕೇ ಬೇಕು. ಎರಡೂ ಕಾರ್ಬುರೇಟರ್ ಒಟ್ಟಿಗೆ ತೆರೆಯುವಂತೆ ಹೊಂದಿಸದಿದ್ದರೆ ಎಂಜಿನ್ ಗಡಗಡ ಅಲುಗುತ್ತದೆ. ಇಲ್ಲಿ ಕೇಬಲ್ ಎಳೆದರೆ ಸಾಕು ನಿಜ, ಆದರೂ ಬಜಾರಿನ ಬೈಕ್ ಕೇಬಲ್‌ಗೆ ನಾನು ಒಪ್ಪುವುದಿಲ್ಲ.

ಇನ್ನು ಔಟರ್, ಅಂದರೆ ಕೇಬಲಿನ ಹೊರಕವಚ, ಎಲ್ಲಿ ಹಿಡಿಯಬೇಕು? ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಸ್ಟಾರ್ಟ್ ಮಾಡುವಾಗ, ನಿಲ್ಲಿಸುವಾಗ ಚೆನ್ನಾಗಿ ಕುಲುಕುತ್ತದೆ. ಔಟರಿನ ಕೊನೆಯ ಕ್ಲಾಂಪನ್ನು ಫೈರ್‌ವಾಲ್‌ಗೋ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಬೆಂಕಿ ತಡೆಯುವ ಗೋಡೆ) ಎಂಜಿನ್ ಹೊರುವ ಮೌಂಟ್‌ನ ಪೈಪಿಗೋ ಹಾಕಿದರೆ ಎಂಜಿನ್ ಅಲುಗಿದಾಗಲೆಲ್ಲ ಥ್ರಾಟಲ್ ತಾನೇ ಆಡುತ್ತದೆ. ಆ ಕ್ಲಾಂಪ್ ಎಂಜಿನ್ ಮೇಲೇ ಇರಬೇಕು. ಫೈರ್‌ವಾಲ್‌ಗೂ ಅದಕ್ಕೂ ನಡುವೆ ಕೇಬಲ್‌ಗೆ ಸ್ವಲ್ಪ ಸಡಿಲ ಬಿಡಿ.

ಕಾರ್ಬುರೇಟರಿನ ತೋಳಿಗೆ ಸೇರುವ ಬೋಲ್ಟ್ ತಿರುಗುತ್ತಿರುತ್ತದೆ. ಅಲ್ಲಿ ನೈಲಾನ್ ಲಾಕ್‌ನಟ್ ಒಂದನ್ನೇ ನಂಬಬೇಡಿ. ಮೇಲೆ ಸೀಳುಗಳಿರುವ ಕ್ಯಾಸಲ್ ನಟ್ ಹಾಕಿ ಸ್ಪ್ಲಿಟ್ ಪಿನ್ ಚುಚ್ಚಿ. ಕೇಬಲ್ ತುದಿಯ ರಾಡ್ ಎಂಡ್ (ಒಳಗೆ ಬಾಲ್ ಇರುವ ಕೀಲು) ಮೇಲೆ ಅಗಲದ ವಾಷರ್ ಇರಲಿ. ಒಳಗಿನ ಬಾಲ್ ಸವೆದು ಉದುರಿದರೂ ಕೇಬಲ್ ಕಳಚಿಕೊಳ್ಳುವುದಿಲ್ಲ.

ಫೈರ್‌ವಾಲ್ ದಾಟುವ ಜಾಗದಲ್ಲಿ ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಒಂದೇ ಸಾಲದು. ಸುಮಾರು 1,093 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕು ಎನ್ನುವುದು ಫೈರ್‌ವಾಲ್‌ನ ಅಳತೆಗೋಲು. ಅಲ್ಯೂಮಿನಿಯಂ 660ರಲ್ಲೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಫಿಟ್ಟಿಂಗ್ ದುಬಾರಿ, ಆದರೂ ತಗೊಳ್ಳಿ.

ಈಗ ಪ್ಯಾನಲ್. ಎಡದಿಂದ ಬಲಕ್ಕೆ ಥ್ರಾಟಲ್ ಕಪ್ಪು, ಪ್ರೊಪೆಲರ್ ನೀಲಿ, ಮಿಕ್ಸ್ಚರ್ ಕೆಂಪು. ಪ್ರೊಪೆಲರ್ ಫಿಕ್ಸ್ಡ್ ಪಿಚ್ (ಅಲಗುಗಳ ಕೋನ ಬದಲಾಗದ್ದು) ಆಗಿದ್ದರೆ ನೀಲಿ ಇರಲ್ಲ. ಮುಂದೆ ತಳ್ಳಿದರೆ ಪವರ್ ಜಾಸ್ತಿ, ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಇದನ್ನು ನಿಮ್ಮಿಷ್ಟಕ್ಕೆ ಬದಲಾಯಿಸಬೇಡಿ, ನಾಳೆ ಬೇರೆಯವರೂ ಹಾರಿಸುತ್ತಾರೆ. ಐಸ್ ಕಟ್ಟದಂತೆ ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್‌ನ ನಾಬ್ ಮಿಕ್ಸ್ಚರ್‌ನಿಂದ ದೂರ ಇರಲಿ, ಆಕಾರವೂ ಬೇರೆ ಇರಲಿ. ಇಳಿಯುವ ಗಡಿಬಿಡಿಯಲ್ಲಿ ಅದರ ಬದಲು ಕೆಂಪು ನಾಬ್ ಎಳೆದರೆ ಎಂಜಿನ್ ನಿಂತೇ ಹೋಗುತ್ತದೆ. "ಬಳ್ಳಾರಿ ಬಿಸಿಲಿನಾಗ ಐಸ್ ಎಲ್ಲಿಂದ ಬರ್ತದ್ರಿ?" ಅಂತ ನಗುವವರಿದ್ದಾರೆ. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ ಗಾಳಿ 30 ಡಿಗ್ರಿಗಿಂತ ಹೆಚ್ಚು ತಣ್ಣಗಾಗಬಹುದು. ಗಾಳಿಯಲ್ಲಿ ತೇವ ಇದ್ದರೆ ಹೊರಗೆ 38 ಡಿಗ್ರಿ ಇದ್ದಾಗಲೂ ಐಸ್ ಕಟ್ಟುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ತುಂಗಭದ್ರೆ ಕಾಲುವೆಯ ಭತ್ತದ ಗದ್ದೆಗಳ ಮೇಲೆ ತೇವಕ್ಕೇನು ಕಮ್ಮಿ ಇದೆಯಾ?

ತೂತು ಹಾಕುವ ಮೊದಲು ರಟ್ಟಿನ ಪ್ಯಾನಲ್ ಕತ್ತರಿಸಿ ನಿಲ್ಲಿಸಿ. ಸೀಟಿನಲ್ಲಿ ಕೂತು ಭುಜದ ಬೆಲ್ಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಥ್ರಾಟಲ್ ಪೂರ್ತಿ ಮುಂದೆ ಹೋಗುವವರೆಗೂ ಕೈ ಎಟುಕುತ್ತಾ? ವಿಮಾನ ನಡೆಸುವ ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ತಿರುಗಿಸಿದಾಗ ಗೆಣ್ಣು ನಾಬ್‌ಗೆ ತಾಗುತ್ತಾ? ಬೆಲ್ಟ್ ಇಲ್ಲದೆ ಸುಮ್ನೆ ಮುಂದೆ ಬಾಗಿ ನೋಡಿದ್ದು ಲೆಕ್ಕಕ್ಕಿಲ್ಲ.

ನಮ್ಮ ಕಡೆಯ ಕೆಂಪು ಧೂಳಿನ ಬಗ್ಗೆ ಒಂದು ಮಾತು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳು ಎಣ್ಣೆ ಕಂಡರೆ ಅಂಟಿಕೊಳ್ಳುತ್ತದೆ. ಒಳಗೆ ಟೆಫ್ಲಾನ್ ಲೈನಿಂಗ್ ಇರುವ ಕೇಬಲ್‌ಗೆ ಎಣ್ಣೆ ಬೇಡ.

ಕೊನೆಯ ಹೊಂದಾಣಿಕೆ ಇಬ್ಬರ ಕೆಲಸ. ಒಬ್ಬರು ಕಾಕ್‌ಪಿಟ್‌ನಲ್ಲಿ, ಇನ್ನೊಬ್ಬರು ಎಂಜಿನ್ ಹತ್ತಿರ. ಮುಂದೆ ತಳ್ಳಿದಾಗಲೂ ಹಿಂದೆ ಎಳೆದಾಗಲೂ ಕಾರ್ಬುರೇಟರಿನ ತೋಳು ತನ್ನ ಸ್ಟಾಪ್‌ಗೆ ಮೊದಲು ತಾಗಬೇಕು. ಆಗ ಒಳಗಿನ ನಾಬ್‌ಗೆ ಇನ್ನೂ ಸುಮಾರು 3 ಮಿ.ಮೀ. ಓಡಾಟ ಉಳಿದಿರಬೇಕು. ನಾಬ್ ಮೊದಲು ಪ್ಯಾನಲ್‌ಗೆ ತಾಗಿದರೆ ಪೂರ್ತಿ ಪವರ್ ಸಿಗುತ್ತಿಲ್ಲ ಎಂದರ್ಥ. ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆಮೇಲೆ ಎಂಜಿನ್ನಿನ ಹೊರಮುಚ್ಚಳ, ಅಂದರೆ ಕೌಲಿಂಗ್, ಮುಚ್ಚಿ.