ಪ್ಲಾನ್ ಬದಲಿಸಿದರೂ ಪಿಂಗ್ ಇಳಿಯದಿದ್ದಾಗ

ಚಿಕ್ಕಮಗಳೂರಿನ ಬಸವನಹಳ್ಳಿಯ ಮನೆಯೊಂದರಲ್ಲಿ ಕಳೆದ ತಿಂಗಳು ನಾನು ಕೇಳಿದ ದೂರು, ನೆಟ್‌ವರ್ಕ್ ಕೆಲಸದಲ್ಲಿರುವ ನನಗೆ ಹೊಸದೇನಲ್ಲ: 40 ಎಂಬಿಪಿಎಸ್ ಇದ್ದದ್ದನ್ನು 100ಕ್ಕೆ ಏರಿಸಿಕೊಂಡರೂ ಸಂಜೆಯಾಗುತ್ತಲೇ ಮಗನ ಆಟ ತಡವರಿಸುತ್ತದೆ. ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಎಷ್ಟು ದತ್ತಾಂಶ ಸಾಗಬಲ್ಲದು ಎಂಬುದರ ಅಳತೆಯೇ ಹೊರತು, ಗುಂಡಿ ಒತ್ತಿದ ಸುದ್ದಿ ಸರ್ವರನ್ನು ಮುಟ್ಟಿ ಉತ್ತರ ಮರಳಲು ಹಿಡಿಯುವ ಸಮಯದ ಅಳತೆಯಲ್ಲ. ಆ ಸಮಯವೇ ಲೇಟೆನ್ಸಿ. ಆಟಗಾರರು ಅದನ್ನು ಪಿಂಗ್ ಎನ್ನುತ್ತಾರೆ.

ಇದರಲ್ಲಿ ಒಂದು ಪಾಲು ದೂರದ್ದು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುವುದರಿಂದ, 1000 ಕಿ.ಮೀ. ಆಚೆಯ ಸರ್ವರಿಗೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನೆರೆಯ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಿಂದ ಸುಮಾರು 36,000 ಕಿ.ಮೀ. ಮೇಲಿನ ಭೂಸ್ಥಿರ ಉಪಗ್ರಹಕ್ಕೆ ಕಳಿಸಿದ ಆದೇಶಕ್ಕೆ ಉತ್ತರ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡ್ ಹಿಡಿಯುತ್ತದೆ. ಹಣ ಕೊಟ್ಟು ಇದನ್ನು ಕಡಿಮೆ ಮಾಡಿಸಿಕೊಳ್ಳಲಾಗದು.

ಆ ಮನೆಯ ತೊಂದರೆ ಮಾತ್ರ ದೂರದ್ದಾಗಿರಲಿಲ್ಲ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ ಪಿಂಗ್ ಹಾಕಿ ಕುಳಿತೆ. 24, 25, 24 ಮಿಲಿಸೆಕೆಂಡ್ ಎಂದು ಅಂಕಿಗಳು ಒಂದೇ ಸಮನೆ ಬರುತ್ತಿದ್ದವು. ಏಳರ ಹೊತ್ತಿಗೆ ತಾಯಿ ಕೆಲಸದಿಂದ ಮರಳಿದರು. ಅವರ ಫೋನು ವೈಫೈ ಹಿಡಿದದ್ದೇ ತಡ, ಹಗಲಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಕ್ಲೌಡಿಗೆ ಏರಿಸತೊಡಗಿತು. ಪಿಂಗ್ 180, 310, 420. ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 25. ಹೊಸ ಪ್ಲಾನಿನಲ್ಲಿ ಹೆಚ್ಚಿದ್ದು ಡೌನ್‌ಲೋಡ್ ಮಾತ್ರ, ಅಪ್‌ಲೋಡ್ 10 ಎಂಬಿಪಿಎಸ್‌ನಲ್ಲೇ ಇತ್ತು. ಆ ಕಿರಿದಾದ ದಾರಿ ಸಾಗಿಸಬಲ್ಲದಕ್ಕಿಂತ ಹೆಚ್ಚು ದತ್ತಾಂಶದ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು ಬಂದಾಗ ರೂಟರ್ ಅವನ್ನು ಬಿಸಾಡದೆ ತನ್ನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಸ್ಮೃತಿಯಲ್ಲಿ, ಸಾಲು ನಿಲ್ಲಿಸಿಕೊಳ್ಳುತ್ತದೆ. ಆಟದ ಪುಟ್ಟ ಪ್ಯಾಕೆಟ್ ಆ ವಿಡಿಯೊಗಳ ಹಿಂದೆ ಕಾಯಬೇಕಾಗುತ್ತದೆ. ಬಫರ್‌ಬ್ಲೋಟ್ ಎಂದು ಕರೆಯುವ ಈ ದೋಷದ ಅರಿವಿಲ್ಲದೆ ಎಷ್ಟೋ ಕುಟುಂಬಗಳು ತಿಂಗಳು ತಿಂಗಳೂ ಹೆಚ್ಚಿನ ಹಣ ಕಟ್ಟುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದೃಷ್ಟಕ್ಕೆ ಆ ರೂಟರಿನಲ್ಲಿ ಈ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೌಲಭ್ಯವಿತ್ತು. ಅಪ್‌ಲೋಡ್ ಮಿತಿಯನ್ನು 9ಕ್ಕೆ ಇಳಿಸಿದೆ. ಫೋಟೊಗಳು ತುಸು ನಿಧಾನವಾಗಿ ಏರಿದವು, ಪಿಂಗ್ 40 ದಾಟಲಿಲ್ಲ. ಈ ಸೌಲಭ್ಯವಿಲ್ಲದವರು ಬ್ಯಾಕಪ್ ಅನ್ನು ರಾತ್ರಿ ಮಲಗುವ ಹೊತ್ತಿಗೆ ಹೊಂದಿಸಿಕೊಂಡರೂ ಸಾಕು. ದಪ್ಪ ಗೋಡೆಗಳ ಹಳೆಯ ತೋಟದ ಮನೆಗಳಲ್ಲಿ ವೈಫೈ ಸಿಗ್ನಲ್ ಸೊರಗಿಯೂ ಪಿಂಗ್ ಏರುಪೇರಾಗುವುದುಂಟು. ಅಲ್ಲಿ ಕಂಪ್ಯೂಟರಿಗೆ ಕೇಬಲ್ ಎಳೆಸಬೇಕು. ಯಾವುದಕ್ಕೂ, ಪ್ಲಾನ್ ಬದಲಿಸಲು ಫೋನ್ ಮಾಡುವ ಮುನ್ನ ಮನೆಯವರೆಲ್ಲ ನೆಟ್ ಬಳಸುತ್ತಿರುವಾಗ ಒಮ್ಮೆ, ಯಾರೂ ಬಳಸದಿರುವಾಗ ಒಮ್ಮೆ ಪಿಂಗ್ ಅಳೆದು ಎರಡನ್ನೂ ಬರೆದಿಟ್ಟುಕೊಳ್ಳಿ.