ಲಿಂಕನ್ ಕಾಂಟಿನೆಂಟಲ್ ಕೊಳ್ಳುವ ಮುಂಚೆ ಟಾಪ್ ಇಳಿಸಿ ನೋಡಿ

ಪ್ರಶ್ನೆ: 1960ರ ದಶಕದ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್ (ಟಾಪ್, ಅಂದರೆ ಛಾವಣಿ, ಮಡಚಿ ಇಳಿಸಬಹುದಾದ ಕಾರು) ಕೊಳ್ಳುವ ಆಸೆ ಇದೆ. ಇಂಜಿನ್ ಚೆನ್ನಾಗಿದ್ದರೆ ಸಾಕಾ?

ಉತ್ತರ: ಇಂಜಿನ್ ಆಮೇಲೆ ನೋಡಿ. ಮೊದಲು ಟಾಪ್ ಇಳಿಸಿ, ಏರಿಸಿ ತೋರಿಸಲು ಹೇಳಿ. ಒಂದು ಸಲ ಅಲ್ಲ, ಮೂರು ಸಲ.

1961ರಿಂದ 1967ರವರೆಗೆ ಅಮೆರಿಕದ ಮಿಷಿಗನ್ ರಾಜ್ಯದ ವಿಕ್ಸಮ್ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿಗೆ ನಾಲ್ಕು ಬಾಗಿಲು. ಹಳೇ ಮನೆಯ ಜೋಡಿ ಕದದ ಹಾಗೆ ಮುಂದಿನದೂ ಹಿಂದಿನದೂ ನಡುವಿನಿಂದ ತೆರೆದುಕೊಳ್ಳುತ್ತವೆ. ಆದರೆ ನಿಜವಾದ ಬೆರಗು ಟಾಪಿನದು. ಸ್ವಿಚ್ ಒತ್ತಿದರೆ ಡಿಕ್ಕಿಯ ಮುಚ್ಚಳ ಮುಂಭಾಗದಿಂದ ಎದ್ದು ಹಿಂದಕ್ಕೆ ತೆರೆಯುತ್ತದೆ. ಬಟ್ಟೆಯ ಟಾಪ್ ಮಡಚಿಕೊಂಡು ಒಳಗೆ ಮಲಗುತ್ತದೆ. ಮುಚ್ಚಳ ಮುಚ್ಚಿ ತಾನೇ ಲಾಕ್ ಆಗುತ್ತದೆ. ಬೇರೆ ಕನ್ವರ್ಟಿಬಲ್‌ಗಳ ಬೆನ್ನಿಗೆ ಮೂಟೆ ಕಟ್ಟಿದ ಹಾಗೆ ಕಾಣುತ್ತದಲ್ಲ, ಇದರಲ್ಲಿ ಅದಿಲ್ಲ. (ಟಾಪ್ ಇಳಿಸಿದಾಗ ಡಿಕ್ಕಿ ಪೂರ್ತಿ ಭರ್ತಿ, ಸೂಟ್‌ಕೇಸ್ ಇಡುವ ಆಸೆ ಬಿಡಿ.)

ಇಷ್ಟೆಲ್ಲ ಕಂಪ್ಯೂಟರ್ ಇಲ್ಲದೆ ನಡೆಯುತ್ತದೆ. ಮೋಟರು, ಎಣ್ಣೆಯ ಒತ್ತಡದಿಂದ ತಳ್ಳುವ ಹೈಡ್ರಾಲಿಕ್ ಸಿಲಿಂಡರ್, ಕರೆಂಟನ್ನು ಹಾಯಿಸುವ, ತಡೆಯುವ ರಿಲೇ, ಭಾಗ ಬಂದು ತಾಕಿದಾಗ ಕೆಲಸ ಮಾಡುವ ಲಿಮಿಟ್ ಸ್ವಿಚ್, ಅಷ್ಟೇ. ಒಂದು ಕೆಲಸ ಮುಗಿದು ಸ್ವಿಚ್‌ಗೆ ತಾಕಿದರೆ ಮಾತ್ರ ಮುಂದಿನದು ಶುರು. ಒಂದೇ ಸ್ವಿಚ್ ಕೆಟ್ಟರೂ ಟಾಪ್ ಅರ್ಧದಲ್ಲೇ ನಿಂತುಬಿಡಬಹುದು. ಆಗ ಅವಸರಪಟ್ಟು ಕೈಯಿಂದ ಎಳೆದರೆ, ಇಲ್ಲವೇ ಸ್ವಿಚ್ ತಪ್ಪಿಸಿ ನೇರ ಕರೆಂಟ್ ಕೊಟ್ಟರೆ, ಮುಚ್ಚಳವೋ ಟಾಪಿನ ಚೌಕಟ್ಟೋ ಬಾಗುತ್ತದೆ. ಮಾರುವವರು "ಒಂದು ರಿಲೇ ಹಾಕಿದ್ರೆ ಸರಿಹೋಗುತ್ತೆ" ಅಂದರೆ, ಹಾಕಿಸಿದ ಮೇಲೆ ಬರುತ್ತೇನೆ ಅನ್ನಿ.

ಆಮೇಲೆ ತುಕ್ಕು. ಇದಕ್ಕೆ ಪ್ರತ್ಯೇಕ ಚಾಸಿ (ಬಾಡಿಯನ್ನು ಹೊರುವ ತಳದ ಚೌಕಟ್ಟು) ಇಲ್ಲ. ಸುಮಾರು 2,400 ಕೆಜಿ ತೂಕವನ್ನು ಬಾಡಿಯೇ ಹೊರಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ಓಡಿದ ಕಾರಾದರೆ ಕೆಳಗೆ ಮಲಗಿಯೇ ನೋಡಿ. ಅಡಿಭಾಗ ತುಕ್ಕು ತಿಂದಿದ್ದರೆ ಕಾರು ನಡುವೆ ಜಗ್ಗುತ್ತದೆ. ಎರಡು ಬಾಗಿಲು ಸೇರುವ ಸಂದು ಮೇಲೆ ಇಕ್ಕಟ್ಟು, ಕೆಳಗೆ ಅಗಲ ಆಗಿದ್ದರೆ ಸುಮ್ನೆ ವಾಪಸ್ ಬನ್ನಿ. ಟಾಪ್ ರಿಪೇರಿ ಮಾಡಿಸಬಹುದು. ಕೊಳೆತ ಬಾಡಿಗೆ ಸುರಿದ ದುಡ್ಡು ಮತ್ತೆ ಬರಲ್ಲ.

ಇಂಜಿನ್ 1965ರವರೆಗೆ 430 ಘನ ಇಂಚಿನ ವಿ8 (ಎಂಟು ಸಿಲಿಂಡರಿನದು), ನಂತರ 462. ಗಟ್ಟಿ ಇಂಜಿನ್. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಯಾವ ವರ್ಷದ್ದು? 1963ರವರೆಗಿನದರ ಕಿಟಕಿ ಗಾಜು ಬಾಗಿದ್ದು. ನನಗೆ ಅದರ ಚೆಲುವೇ ಹೆಚ್ಚು. 1964ರಲ್ಲಿ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 3 ಇಂಚು ಉದ್ದವಾಗಿ 126 ಇಂಚಾಯಿತು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವುದಾದರೆ ಅದನ್ನೇ ಹುಡುಕಿ.