ಬಿಚ್ಚಿ ಜೋಡಿಸಿದ ಮೇಲೆ ಕಾರ್ಬುರೇಟರ್ ಯಾಕೆ ಸೋರುತ್ತದೆ?

ಹಳೆ ಬೈಕಿನ ಕಾರ್ಬುರೇಟರ್ ಬಿಚ್ಚಿ, ತೊಳೆದು, ಹೊಸ ಕಿಟ್ (ನೀಡಲ್, ಪ್ಯಾಕಿಂಗ್‌ನಂಥ ಬಿಡಿಭಾಗಗಳ ಪೊಟ್ಟಣ) ಹಾಕಿ ಜೋಡಿಸಿರುತ್ತೀರಿ. ಪೆಟ್ರೋಲ್ ಕಾಕ್ ತಿರುಗಿಸಿದ ಕೂಡಲೇ ತೊಟತೊಟ ಸೋರಲು ಶುರು. ಆಗ ತುಂಬ ಜನ ಕೆಳಗಿನ ಬಟ್ಟಲಿನ ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ದಯವಿಟ್ಟು ಬೇಡ. ಕಾರ್ಬುರೇಟರ್ ಮೈ ಮೆತ್ತನೆಯ ಲೋಹ. ಥ್ರೆಡ್ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಒಳಗೆ ನಡೆಯುವುದು ಸರಳ. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಇರುತ್ತದಲ್ವಾ, ಅದೇ ಲೆಕ್ಕ. ಬಟ್ಟಲಿನಲ್ಲಿ ಪೆಟ್ರೋಲ್ ಏರಿದಂತೆ ಫ್ಲೋಟ್, ಅಂದರೆ ತೇಲುಬುರುಡೆ, ಮೇಲೇಳುತ್ತದೆ. ಅದು ನೀಡಲ್ ಎಂಬ ಚೂಪು ತುದಿಯ ಸಣ್ಣ ಕಡ್ಡಿಯನ್ನು ಸೀಟಿಗೆ, ಅಂದರೆ ಪೆಟ್ರೋಲ್ ಒಳಬರುವ ತೂತಿನ ಬಾಯಿಗೆ, ಒತ್ತುತ್ತದೆ, ಹರಿವು ನಿಲ್ಲುತ್ತದೆ. ಇದಕ್ಕೆ ಎಷ್ಟು ಬಲ ಬೇಕು? ಟ್ಯಾಂಕಿನ ಪೆಟ್ರೋಲ್ ಸೀಟಿಗಿಂತ 30 ಸೆಂ.ಮೀ. ಎತ್ತರದಲ್ಲಿದೆ, ಸೀಟಿನ ತೂತು 2 ಮಿ.ಮೀ. ಅಗಲವಿದೆ ಅಂದುಕೊಳ್ಳಿ. ನೀಡಲಿನ ಮೇಲೆ ಬೀಳುವ ಭಾರ ಒಂದು ಗ್ರಾಂ ಕೂಡ ಆಗುವುದಿಲ್ಲ, ಸುಮಾರು 0.7 ಗ್ರಾಂ ಅಷ್ಟೇ. ಸರಿಯಾಗಿರುವ ಫ್ಲೋಟಿಗೆ ಇದು ಏನೇನೂ ಅಲ್ಲ. ಆದ್ದರಿಂದ ಒತ್ತಡ ಜಾಸ್ತಿಯಾಗಿ ಸೋರುತ್ತಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದೋ ನೀಡಲ್ ಮತ್ತು ಸೀಟು ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಫ್ಲೋಟ್ ತೇಲುತ್ತಿಲ್ಲ, ಅದೂ ಅಲ್ಲದಿದ್ದರೆ ಸೋರಿಕೆ ಬೇರೆಲ್ಲಿಂದಲೋ ಬರುತ್ತಿದೆ.

ಯಾವುದು ಅಂತ ತಿಳಿಯಲು ಒಂದು ಪಾರದರ್ಶಕ ಪೈಪ್ ಸಾಕು. ಬಟ್ಟಲಿನ ತಳದ ಡ್ರೈನ್ ಮೂತಿಗೆ ಅದನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾರ್ಬುರೇಟರ್ ಪಕ್ಕದಲ್ಲೇ ಮೇಲಕ್ಕೆ ಹಿಡಿಯಿರಿ. ಕಾಕ್ ತೆರೆದು, ಡ್ರೈನ್ ಸ್ಕ್ರೂ ಸಡಿಲಿಸಿ. ಒಳಗಿನ ಮಟ್ಟವೇ ಪೈಪಿನಲ್ಲೂ ಕಾಣುತ್ತದೆ. ಸಾಮಾನ್ಯವಾಗಿ ಅದು ಬಟ್ಟಲಿನ ಜೋಡಣೆಗಿಂತ ಕೆಲವು ಮಿ.ಮೀ. ಕೆಳಗೆ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ತಪ್ಪು ನೀಡಲ್ ಅಥವಾ ಫ್ಲೋಟಿನದು. ಮಟ್ಟ ಸರಿಯಾಗಿ ನಿಂತೂ ಹೊರಗೆ ಒದ್ದೆಯಾಗುತ್ತಿದ್ದರೆ ಡ್ರೈನ್ ಸ್ಕ್ರೂ, ಪೈಪಿನ ಜೋಡಣೆ, ಪ್ಯಾಕಿಂಗ್ ನೋಡಿ. ಇದನ್ನು ಬಯಲಲ್ಲಿ, ಟಾರ್ಚ್ ಬೆಳಕಿನಲ್ಲಿ ಮಾಡಿ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಪೆಟ್ರೋಲ್. ಆ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಒಲೆ, ದೀಪದವರೆಗೂ ಹೋಗಬಲ್ಲದು.

ಕಿಟ್ ಹಾಕಿದ ಮೇಲೆ ಶುರುವಾದ ಸೋರಿಕೆಯಲ್ಲಿ ನನ್ನ ಮೊದಲ ಅನುಮಾನ ಕಿಟ್ ಮೇಲೆಯೇ. ಹಳೆ ನೀಡಲ್, ಹೊಸ ನೀಡಲ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಉದ್ದದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಮಟ್ಟ ಬದಲಾಗುತ್ತದೆ. ಹೊಸ ನೀಡಲ್ ಹಾಕಿ ಹಳೆ ಸೀಟನ್ನು ಹಾಗೇ ಬಿಟ್ಟಿದ್ದರೆ, ಸೀಟಿನಲ್ಲಿ ಸವೆದ ಗೆರೆಗೆ ಹೊಸ ತುದಿ ಹೊಂದುವುದಿಲ್ಲ. ಕೆಲವು ಮಾದರಿಗಳಲ್ಲಿ ಸೀಟಿನ ಹೊರಸುತ್ತಿಗೆ ಒಂದು ಪುಟ್ಟ ಓ ರಿಂಗ್ (ರಬ್ಬರ್ ಉಂಗುರ) ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಅದು ಗಟ್ಟಿಯಾಗಿದ್ದರೆ ನೀಡಲ್ ಎಷ್ಟೇ ಚೆನ್ನಾಗಿ ಮುಚ್ಚಿದರೂ ಪೆಟ್ರೋಲ್ ಸೀಟಿನ ಪಕ್ಕದಿಂದ ಸುತ್ತಿ ಬಂದುಬಿಡುತ್ತದೆ.

ಫ್ಲೋಟಿನ ಎತ್ತರ ಅಳೆಯುವಾಗಲೂ ಒಂದು ಮೋಸ ಇದೆ. ಹಲವು ನೀಡಲುಗಳ ಹಿಂಬದಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇರುತ್ತದೆ. ಕಾರ್ಬುರೇಟರನ್ನು ಪೂರ್ತಿ ತಲೆಕೆಳಗೆ ಇಟ್ಟರೆ ಫ್ಲೋಟಿನ ತೂಕಕ್ಕೆ ಪಿನ್ ಒಳಗೆ ಹೋಗಿ ಅಳತೆ ತಪ್ಪುತ್ತದೆ. ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ (ನೀಡಲನ್ನು ಒತ್ತುವ ತಗಡಿನ ತುಂಡು) ಪಿನ್ನನ್ನು ಸುಮ್ನೆ ಮುಟ್ಟಿದ ಜಾಗದಲ್ಲಿ ಅಳೆಯಬೇಕು.

ಹಿತ್ತಾಳೆ ಫ್ಲೋಟ್ ಆಗಿದ್ದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ತೂತು ಬಿದ್ದಿದೆ. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆ ಬರುತ್ತದೆ. ಬೆಸುಗೆ ಹಾಕುವ ಮುನ್ನ ಒಳಗಿನ ಪೆಟ್ರೋಲ್ ಹನಿಯೂ ಉಳಿಯದಂತೆ ತೆಗೆಯಲೇಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಮತ್ತೆ ಮಟ್ಟ ಏರುತ್ತದೆ. ಸಿಕ್ಕರೆ ಹೊಸ ಫ್ಲೋಟೇ ಒಳ್ಳೆಯದು.

ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಇಟ್ಟುಕೊಂಡವರು ಇನ್ನೊಂದು ನೋಡಬೇಕು. ಅವುಗಳ ಜೀಕೋವ್ ಕಾರ್ಬುರೇಟರಿನಲ್ಲಿ ಟಿಕ್ಲರ್ ಗುಂಡಿ ಇದೆ. ಅದನ್ನು ಒತ್ತಿದರೆ ಫ್ಲೋಟ್ ಕೆಳಗೆ ಹೋಗಿ ಪೆಟ್ರೋಲ್ ಉಕ್ಕುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಲೆಂದೇ ಆ ಏರ್ಪಾಡು. ಗುಂಡಿ ಕೊಳೆ ಹಿಡಿದು ಕೆಳಗೇ ಸಿಕ್ಕಿಕೊಂಡರೆ ಸೋರಿಕೆ ನಿಲ್ಲುವುದೇ ಇಲ್ಲ.

ಈಗಿನ ಪೆಟ್ರೋಲಿನ ಪಾತ್ರವೂ ಇದೆ. ಶೇ. 20 ಎಥನಾಲ್ ಇರುವ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನಲ್ಲಿ ಅಂಟಿಕೊಂಡಿದ್ದ ಕೊಳೆಯನ್ನೂ ಸಡಿಲಿಸಬಲ್ಲದು. ಅದರ ಒಂದು ಕಣ ನೀಡಲಿನ ತುದಿಗೆ ಸಿಕ್ಕರೆ ಸಾಕು, ನಿನ್ನೆ ಮಾಡಿದ ಕೆಲಸ ಇವತ್ತು ಸೋರುತ್ತದೆ. ಆದ್ದರಿಂದ ಕಿಟ್ ಜೊತೆಗೆ ಟ್ಯಾಂಕ್ ತೊಳೆಯಿರಿ, ಪೈಪಿಗೆ ಫಿಲ್ಟರ್ ಹಾಕಿ, ಎಥನಾಲ್ ತಾಳುವ ರಬ್ಬರನ್ನೇ ಕೇಳಿ ತನ್ನಿ.

ಸೋರಿಕೆ ನಿಂತ ಮೇಲೂ ತಕ್ಷಣ ಕಿಕ್ ಹೊಡೆಯಬೇಡಿ. ರಾತ್ರಿಯಿಡೀ ಸೋರಿದ್ದರೆ ಪೆಟ್ರೋಲ್ ಎಂಜಿನ್ನಿನ ಒಳಗೂ ಇಳಿದಿರಬಹುದು. ಫೋರ್ ಸ್ಟ್ರೋಕ್ ಬೈಕಾದರೆ ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ಮೊದಲಿಗಿಂತ ಮೇಲಿದ್ದರೆ, ಆ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಪೂರ್ತಿ ಬಸಿದು, ಹೊಸದು ತುಂಬಿಸಿ, ಆಮೇಲೆ ಕಿಕ್ ಹೊಡೆಯಿರಿ.